ಎರಡನೇ ದನಿ ಯಾರದು?

‘ಸಮಾಧಿ’ ಎಂಬ ಹಿಂದಿ ಚಿತ್ರ ಬಂದದ್ದು 1950ರಲ್ಲಿ. ಸಿ. ರಾಮಚಂದ್ರ ಅವರ ಸಂಗೀತ. ಅದರ ‘ಗೋರೇ ಗೋರೇ’ ಹಾಡನ್ನು ನಮ್ಮ ಕಡೆಯ ಅಜ್ಜ-ಅಜ್ಜಿಯರು ಹಿಂದಿ ಬಾರದಿದ್ದರೂ ಗುನುಗಬಲ್ಲರು. ಯಾರು ಹಾಡಿದ್ದು ಎಂದು ಕೇಳಿ ನೋಡಿ, ಲತಾ ಮಂಗೇಶ್ಕರ್ ಎನ್ನುತ್ತಾರೆ. ಅದು ಅರ್ಧ ಉತ್ತರ. ಆ ಹಾಡಿನಲ್ಲಿ ಇಬ್ಬರಿದ್ದಾರೆ. ಎಳೆಯ, ತೆಳುವಾದ ದನಿ ಲತಾ ಅವರದು. ಅದಕ್ಕೆ ಜವಾಬು ಕೊಡುವ, ತುಸು ಮೂಗಿನಲ್ಲಿ ನುಡಿಯುವ ತುಂಬುದನಿ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯವರದು.

ಬೀಳಗಿ ಆಗ ವಿಜಾಪುರ ಜಿಲ್ಲೆಯಲ್ಲಿತ್ತು, ಈಗ ಬಾಗಲಕೋಟೆಗೆ ಸೇರಿದೆ. ಅಕ್ಕ ಗೋಹರ್‌ಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಎದುರು ನಾಯಕಿಯಾದರು. ತಂಗಿ ಅಮೀರ್‌ಬಾಯಿ ಮುಂಬಯಿಗೆ ಹೋಗಿ ಸಿನಿಮಾ ಸೇರಿದರು. ಮಕ್ಕಳೇ, ಅವರ ಹೆಸರಿನ ಕೊನೆಯ ಪದವನ್ನು ಗಮನಿಸಿ. ಆಗ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ವಿಜಾಪುರ ಮುಂಬಯಿ ಪ್ರಾಂತ್ಯದಲ್ಲಿತ್ತು. ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ 1953ರವರೆಗೆ ಮದರಾಸಿನ ಲೆಕ್ಕದಲ್ಲಿದ್ದವು. ರಾಜ್ಯಕ್ಕೆ ಕರ್ನಾಟಕ ಎಂದು ನಾಮಕರಣವಾದದ್ದು 1973ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮೊದಲೇ ಈ ಹೆಣ್ಣುಮಗಳು ಆ ಹೆಸರನ್ನು ಪ್ಲೇಟಿನ ಮೇಲೆ ಅಚ್ಚು ಹಾಕಿಸಿಕೊಂಡು ದೇಶವೆಲ್ಲ ತಿರುಗಿಸಿದ್ದರು.

ಅವರ ದೊಡ್ಡ ಕಾಲ 1943ರ ‘ಕಿಸ್ಮತ್’. ಅನಿಲ್ ಬಿಸ್ವಾಸ್ ಸಂಗೀತ, ಅಶೋಕ್ ಕುಮಾರ್ ನಾಯಕ. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತು. ‘ಕ್ವಿಟ್ ಇಂಡಿಯಾ’ ಚಳವಳಿಯ ಬಿಸಿ ಇನ್ನೂ ಆರದ ದಿನಗಳು. ಪರದೇಶದವರು ದೂರ ಸರಿಯಲಿ ಎನ್ನುವ ಹಾಡೊಂದನ್ನು ಕವಿ ಪ್ರದೀಪ್ ಬರೆದರು. ಜರ್ಮನಿ, ಜಪಾನಿನವರಿಗೆ ಹೇಳಿದಂತೆ ಸಾಲು ಹೆಣೆದದ್ದರಿಂದ ಸೆನ್ಸಾರಿನವರು ಬಿಟ್ಟರು. ಯಾರಿಗೆ ಹೇಳಿದ್ದೆಂದು ಜನರಿಗೆ ತಿಳಿಯದೇ ಇರುತ್ತದೆಯೇ? ಅದನ್ನು ಹಾಡಿದವರಲ್ಲಿ ಅಮೀರ್‌ಬಾಯಿಯೂ ಒಬ್ಬರು. ಮರುವರ್ಷ ನೌಷಾದರ ‘ರತನ್’ನಲ್ಲಿ ಹಾಡಿದರು. 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ತಾವೇ ಸಂಗೀತ ನಿರ್ದೇಶಕಿಯಾದರು. ಹೆಣ್ಣುಮಕ್ಕಳು ಆ ಕುರ್ಚಿಯಲ್ಲಿ ಕೂತದ್ದು ಆಗಲೂ ಕಡಿಮೆ, ಈಗಲೂ ಕಡಿಮೆ.

ಅಷ್ಟರಲ್ಲಿ ಲತಾ ಬಂದರು, ಕೇಳುವವರ ರುಚಿ ಬದಲಾಯಿತು. ಅಮೀರ್‌ಬಾಯಿ 1965ರ ಮಾರ್ಚ್ 3ರಂದು ತೀರಿಕೊಂಡರು. ವಿಜಾಪುರದ ಅಮೀರ್ ಟಾಕೀಸ್ ಅವರ ಹೆಸರಿನದೇ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ರಹಮತ್ ತರೀಕೆರೆ ಅವರ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ, ಓದಬೇಕು.

ಇಷ್ಟೆಲ್ಲ ನೆನಪಾಗಲು ಕಾರಣ ಒಂದು ಟ್ರಂಕು. ಕೊಟ್ಟೂರಿನಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ ಗೆಳೆಯನೊಬ್ಬ ನನಗಿದ್ದ. ಕೂಡ್ಲಿಗಿಯ ಮದುವೆಯಿರಲಿ, ಮೈಲಾರದ ಜಾತ್ರೆಯಿರಲಿ, ಕೊಟ್ಟೂರೇಶ್ವರನ ತೇರಿರಲಿ, ಅವರಪ್ಪನ ಕಾಲದಿಂದ ಕೂಡಿಸಿದ ಪ್ಲೇಟುಗಳನ್ನು ಎತ್ತಿನ ಬಂಡಿಯಲ್ಲಿ ಹುಲ್ಲು ಹಾಸಿ ಒಯ್ಯುತ್ತಿದ್ದ. ಅವನು ತೀರಿಕೊಂಡ ಮೇಲೆ ಮಕ್ಕಳು ಮನೆ ಕೆಡವಿ ಕಟ್ಟಿಸಲು ಹೊರಟರು. ಗುಜರಿಯವನು ಟ್ರಂಕನ್ನು ಒಯ್ಯುತ್ತೇನೆಂದ, ಒಳಗಿನ ಪ್ಲೇಟು ಬೇಡವೆಂದ. ನಾನು, ಎಂಟನೇ ಕ್ಲಾಸಿನ ನನ್ನ ಮೊಮ್ಮಗಳು ಕೂತು ಎಣಿಸಿದೆವು. ಒಟ್ಟು 63. ಒಡೆದವು 22. ಉಳಿದ 41ರಲ್ಲಿ ಅಮೀರ್‌ಬಾಯಿ ಹೆಸರಿದ್ದವು 9. ಕೆಲವದರ ಹಿಂಬದಿಗೆ ಬೇರೆಯವರ ಹಾಡು, ಹೀಗಾಗಿ ಅವರ ಹಾಡು 12.

ಆ 12 ಹಾಡನ್ನು ಒಂದು ಪೆನ್‌ಡ್ರೈವಿಗೆ ತುಂಬಿಸೋಣ ಎಂದಳು ಮೊಮ್ಮಗಳು. ಹಗರಿಬೊಮ್ಮನಹಳ್ಳಿಯ ಹುಡುಗನೊಬ್ಬನ ಬಳಿ ಪ್ಲೇಟು ಹಾಕುವ ಹೊಸ ಯಂತ್ರವಿತ್ತು. ಆದರೆ ಅದು ನಿಮಿಷಕ್ಕೆ 33 ಇಲ್ಲವೆ 45 ಸುತ್ತು ಮಾತ್ರ ತಿರುಗುತ್ತದೆ. ನಮ್ಮ ಅರಗಿನ ಪ್ಲೇಟಿಗೆ ಬೇಕಾದದ್ದು 78. ಅವನು 45ರಲ್ಲೇ ಹಾಕಿದ. ಅಮೀರ್‌ಬಾಯಿ ಗಂಡಸಿನ ದನಿಯಲ್ಲಿ, ನಿದ್ದೆಗಣ್ಣಿನಲ್ಲಿ ಹಾಡಿದಂತಾಯಿತು! ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಹುಡುಗ ಅದನ್ನೇ ದಾಖಲಿಸಿಕೊಂಡು ಕಂಪ್ಯೂಟರಿನಲ್ಲಿ ವೇಗ ಏರಿಸಿದ. ಎಷ್ಟು ಏರಿಸಬೇಕು? 78ನ್ನು 45ರಿಂದ ಭಾಗಿಸಿ, 1.73 ಪಟ್ಟು. ಮೂರು ನಿಮಿಷದ ಹಾಡು 45ರಲ್ಲಿ ಎಷ್ಟು ಹೊತ್ತು ಓಡೀತು? ಮಕ್ಕಳೇ, ನೀವೇ ಮಾಡಿ ನೋಡಿ. 5 ನಿಮಿಷ 12 ಸೆಕೆಂಡು ಬರಬೇಕು.

ಚಟಪಟ ಸದ್ದನ್ನೂ ತೆಗೆದುಬಿಡುತ್ತೇನೆ ಎಂದ ಹುಡುಗ. ತೆಗೆದು ಕೇಳಿಸಿದ. ಸದ್ದು ಹೋಗಿತ್ತು, ಜೊತೆಗೆ ಆಕೆ ಸಾಲುಗಳ ನಡುವೆ ಉಸಿರೆಳೆದುಕೊಳ್ಳುವುದೂ ಹೋಗಿತ್ತು. ಬೇಡಪ್ಪ, ಇದ್ದ ಹಾಗೇ ಇರಲಿ ಎಂದೆ. ಆ ಕಾಲದಲ್ಲಿ ವಾದ್ಯದವರೂ ಹಾಡುವವರೂ ಒಟ್ಟಿಗೇ ನಿಂತು, ತಪ್ಪಿದರೆ ಮೊದಲಿನಿಂದ ಹಾಡಬೇಕಿತ್ತು. ಆ ಉಸಿರಿಗೂ ಬೆಲೆಯಿದೆ.

ಪಟ್ಟಿ ಬರೆದವಳು ಮೊಮ್ಮಗಳು. ‘ಗೋರೇ ಗೋರೇ’ ಬಂದಾಗ ಪೆನ್ನು ನಿಲ್ಲಿಸಿದಳು. “ತಾತ, ಮೊಬೈಲ್‌ನಾಗೆ ಬರೀ ಲತಾ ಅಂತ ಐತಲ್ಲ?” ನಾನು ಪ್ಲೇಟನ್ನೇ ಅವಳ ಕೈಗೆ ಕೊಟ್ಟೆ. ಸವೆದ ಚೀಟಿಯನ್ನು ಬಿಸಿಲಿಗೆ ಹಿಡಿದು ಒಂದೊಂದೇ ಅಕ್ಷರ ಓದಿ, ಎರಡೂ ಹೆಸರು ಬರೆದಳು.

ಮೊದಲ ಪೆನ್‌ಡ್ರೈವನ್ನು ಗೆಳೆಯನ ಮನೆಗೆ ಕೊಟ್ಟು ಬಂದೆವು. ಅತ್ತಿಗೆ ಸೆರಗನ್ನು ಬಾಯಿಗೆ ಹಚ್ಚಿಕೊಂಡು ಕೂತು ಕೇಳಿದರು. ಐದನೇ ಹಾಡಿಗೆ, “ಇದನ್ನ ನಮ್ಮ ಮದುವ್ಯಾಗ ಹಾಕಿದ್ರು. ಮುಳ್ಳು ಇದೇ ಜಾಗದಾಗ ಜಿಗೀತಿತ್ತು” ಎಂದರು. ಎಂದ ಮರುಗಳಿಗೆಯೇ ಹಾಡು ಅಲ್ಲಿ ಜಿಗಿಯಿತು.

ನಿಮ್ಮ ಮನೆಯ ಅಟ್ಟದ ಮೇಲೂ ಇಂಥ ಪ್ಲೇಟುಗಳಿದ್ದರೆ ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಒಣ ಮೆತ್ತನೆ ಬಟ್ಟೆಯಿಂದ ಒರೆಸಿ. ಸ್ಪಿರಿಟ್, ಸ್ಯಾನಿಟೈಸರ್ ಹತ್ತಿರ ತರಬೇಡಿ, ಅರಗು ಕರಗುತ್ತದೆ. ನಡುವಿನ ಚೀಟಿಯನ್ನಂತೂ ಒದ್ದೆ ಮಾಡಲೇಬೇಡಿ, ಹಾಡಿದವರ ಹೆಸರು ಇರುವುದು ಅದರಲ್ಲೇ.