ಸಿಸ್ಟಂ ಅಡ್ಮಿನಿಸ್ಟ್ರೇಟರ್: ಪ್ರಮಾಣಪತ್ರಕ್ಕಿಂತ ಪರಿಣತಿ ಮುಖ್ಯ

ಬ್ಯಾಂಕಿಗೆ ಹೋದಾಗ 'ಸರ್ವರ್ ಡೌನ್' ಎಂಬ ಉತ್ತರ ಕೇಳದ ಗ್ರಾಹಕರು ವಿರಳ. ಆ ಸರ್ವರನ್ನು ಮತ್ತೆ ಚಾಲನೆಗೆ ತರುವ, ಸಾಧ್ಯವಾದಷ್ಟೂ ಅದು ನಿಲ್ಲದಂತೆ ಕಾಯುವ ಹೊಣೆ ಸಿಸ್ಟಂ ಅಡ್ಮಿನಿಸ್ಟ್ರೇಟರ್‌ಗಳದು. ಕಂಪ್ಯೂಟರ್ ಉದ್ಯೋಗವೆಂದೊಡನೆ ಪ್ರೋಗ್ರಾಮಿಂಗ್ ಒಂದನ್ನೇ ನೆನೆಯುವ ಯುವಜನರು ಈ ವೃತ್ತಿಯತ್ತಲೂ ಗಮನ ಹರಿಸಬಹುದು.

ಕೆಲಸದ ಸ್ವರೂಪ

ಬಳಕೆದಾರರ ಖಾತೆ ಹಾಗೂ ಪಾಸ್‌ವರ್ಡ್ ನಿರ್ವಹಣೆ, ಸುರಕ್ಷತಾ ಪ್ಯಾಚ್‌ಗಳ ಅಳವಡಿಕೆ, ನೆಟ್‌ವರ್ಕ್ ಮೇಲೆ ನಿಗಾ, ದತ್ತಾಂಶದ ಬ್ಯಾಕಪ್ ಇವು ನಿತ್ಯದ ಕೆಲಸಗಳು. ಇದರೊಂದಿಗೆ ಕಾನೂನಿನ ಹೊಣೆಯೂ ಇದೆ. ಸೈಬರ್ ದಾಳಿಯಂತಹ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಯ್ದಿರಿಸಬೇಕು ಎಂದು ಕೇಂದ್ರದ ಸಿಇಆರ್‌ಟಿ-ಇನ್ ಸಂಸ್ಥೆಯು 2022ರ ಏಪ್ರಿಲ್‌ನಲ್ಲಿ ನಿರ್ದೇಶನ ನೀಡಿದೆ.

ಆರಂಭ ಎಲ್ಲಿಂದ?

ಡಿಪ್ಲೊಮಾ, ಬಿಸಿಎ, ಬಿಎಸ್‌ಸಿ ಅಥವಾ ಬಿಇ ಮುಗಿಸಿದವರು ಸಾಮಾನ್ಯವಾಗಿ ಹೆಲ್ಪ್‌ಡೆಸ್ಕ್ ಇಲ್ಲವೇ ಡೆಸ್ಕ್‌ಟಾಪ್ ಸಪೋರ್ಟ್ ಹುದ್ದೆಯಿಂದ ವೃತ್ತಿ ಆರಂಭಿಸುತ್ತಾರೆ. ರಾತ್ರಿ ಪಾಳಿ ಇಲ್ಲಿ ಅಪರೂಪವಲ್ಲ. ಆದರೆ ಪ್ರಿಂಟರ್ ದುರಸ್ತಿಯಿಂದ ಸರ್ವರ್ ಕೋಣೆಯವರೆಗಿನ ಅನುಭವ ದೊರೆಯುವುದೂ ಇಲ್ಲಿಯೇ.

ರೆಡ್‌ಹ್ಯಾಟ್ ಸಂಸ್ಥೆಯ ಆರ್‌ಎಚ್‌ಸಿಎಸ್‌ಎ ಹಾಗೂ ಸಿಸ್ಕೋ ಸಂಸ್ಥೆಯ ಸಿಸಿಎನ್‌ಎ ಪ್ರಮಾಣಪತ್ರಗಳು ಸಂದರ್ಶನಕ್ಕೆ ನೆರವಾಗುತ್ತವೆ. ಎರಡರ ಮಾನ್ಯತೆಯೂ 3 ವರ್ಷ. ಆರ್‌ಎಚ್‌ಸಿಎಸ್‌ಎ ಪರೀಕ್ಷೆಯಲ್ಲಿ ಅಭ್ಯರ್ಥಿಯು ಚಾಲನೆಯಲ್ಲಿರುವ ಲಿನಕ್ಸ್ ಯಂತ್ರದ ಮೇಲೆ ಕೆಲಸ ಮಾಡಿ ತೋರಿಸಬೇಕು. ಉತ್ತರಗಳನ್ನು ಬಾಯಿಪಾಠ ಮಾಡಿದರೆ ಪ್ರಯೋಜನವಿಲ್ಲ.

ಮನೆಯೇ ಪ್ರಯೋಗಾಲಯ

ಅಭ್ಯಾಸಕ್ಕೆ ದುಬಾರಿ ತರಬೇತಿಯೇ ಬೇಕೆಂದಿಲ್ಲ. 8 ಜಿಬಿ ರ‍್ಯಾಮ್ ಇರುವ ಹಳೆಯ ಕಂಪ್ಯೂಟರ್‌ನಲ್ಲಿ ವರ್ಚುವಲ್‌ಬಾಕ್ಸ್ ತಂತ್ರಾಂಶ ಅಳವಡಿಸಿ, ಉಚಿತವಾಗಿ ದೊರೆಯುವ ಉಬುಂಟು, ಅಲ್ಮಾಲಿನಕ್ಸ್‌ಗಳನ್ನು ಕಲಿಯಬಹುದು. ವೆಬ್ ಸರ್ವರ್ ಸ್ಥಾಪಿಸಿ, ಬೇಕೆಂದೇ ಕೆಡಿಸಿ, ಲಾಗ್ ಓದಿ ಕಾರಣ ಪತ್ತೆಹಚ್ಚಿ ಸರಿಪಡಿಸುವುದು ಉತ್ತಮ ಪಾಠ. ನಂತರ ಶೆಲ್ ಸ್ಕ್ರಿಪ್ಟಿಂಗ್, ಪೈಥಾನ್ ಹಾಗೂ ಕ್ಲೌಡ್ ಸೇವೆಗಳತ್ತ ಸಾಗಬಹುದು.

ಗಿಟ್‌ಲ್ಯಾಬ್ ಕಲಿಸಿದ ಪಾಠ

2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು ಬೇರೊಂದು ಸರ್ವರ್ ಎಂದು ಭಾವಿಸಿ ಮುಖ್ಯ ಡೇಟಾಬೇಸ್‌ನ ಕಡತಗಳನ್ನೇ ಅಳಿಸಿಬಿಟ್ಟರು. ನೆರವಿಗೆ ಬರಬೇಕಿದ್ದ ಬ್ಯಾಕಪ್ ಕ್ರಮಗಳು ಕೈಕೊಟ್ಟವು. ನಿತ್ಯದ ಬ್ಯಾಕಪ್ ವಿಫಲವಾಗುತ್ತಿದ್ದರೂ ಅದರ ಎಚ್ಚರಿಕೆಯ ಇ-ಮೇಲ್ ಯಾರಿಗೂ ತಲುಪುತ್ತಿರಲಿಲ್ಲ. ಸುಮಾರು 6 ಗಂಟೆ ಮೊದಲು ಪರೀಕ್ಷಾರ್ಥವಾಗಿ ತೆಗೆದಿದ್ದ ಪ್ರತಿಯೊಂದು ಕೊನೆಗೆ ಸಂಸ್ಥೆಯನ್ನು ಉಳಿಸಿತು. ನಡುವಿನ ಅವಧಿಯ ದತ್ತಾಂಶ ಮಾತ್ರ ಮರಳಲಿಲ್ಲ.

ಈ ವೃತ್ತಿಯ ಸಾರವೇ ಇದು. ಮರುಸ್ಥಾಪಿಸಿ ನೋಡದ ಬ್ಯಾಕಪ್ ಬ್ಯಾಕಪ್ ಅಲ್ಲ. ಆದ್ದರಿಂದ ಆಕಾಂಕ್ಷಿಗಳು ಕಲಿಕೆಯ ದಿನಗಳಲ್ಲೇ ವಾರಕ್ಕೊಮ್ಮೆ ಬ್ಯಾಕಪ್‌ನಿಂದ ಇಡೀ ಯಂತ್ರವನ್ನು ಮರಳಿ ಕಟ್ಟಿ, ತಗಲಿದ ಸಮಯ ಮತ್ತು ಅನುಸರಿಸಿದ ಕ್ರಮವನ್ನು ಬರೆದಿಡುವುದು ಒಳಿತು. ಸಂದರ್ಶನದಲ್ಲಿ ಆ ಟಿಪ್ಪಣಿಯೂ ಪ್ರಮಾಣಪತ್ರದಷ್ಟೇ ಉಪಯುಕ್ತವಾಗಬಲ್ಲದು.