ಅಕ್ಕನ ಕೈ ಮೇಲಿನ ಗುರುತು

ಕುರುಗೋಡಿನಲ್ಲಿ ನನ್ನ ದೊಡ್ಡಮ್ಮನ ಮಗಳಿದ್ದಾಳೆ, ನನಗೆ ಅಕ್ಕ. ದೊಡ್ಡ ಬಸವೇಶ್ವರನ ತೇರಿಗೆ ಬಳ್ಳಾರಿಯಿಂದ ಹೋದರೆ ಅವಳ ಮನೆಯಲ್ಲೇ ನನ್ನ ಊಟ. ಅವಳ ಎಡಗೈ ಮೇಲೊಂದು ಸುಟ್ಟ ಗುರುತಿದೆ. ಮೊಮ್ಮಕ್ಕಳು ಕೇಳಿದರೆ, "ರೊಟ್ಟಿ ಹಂಚು ತಾಗಿತ್ತು, ಹೋಗ್ರಿ ಆಡ್ಕೋರಿ" ಎನ್ನುತ್ತಿದ್ದಳು. ಹೆತ್ತ ಮಕ್ಕಳಿಗೂ ಅದೇ ಉತ್ತರ, ಗಂಡನಿಗೂ ಅದೇ. ಬ್ಯಾಂಕಿನಲ್ಲಿ ಪೈಸೆ ಪೈಸೆ ತಾಳೆ ನೋಡುತ್ತಿದ್ದ ನಾನು ಇದನ್ನು ಮಾತ್ರ ನೋಡಲಿಲ್ಲ.

2021ರ ನವೆಂಬರಿನಲ್ಲಿ ಮಂಜಮ್ಮ ಜೋಗತಿ ಟಿವಿಯಲ್ಲಿ ಕಾಣಿಸಿದರು. ಪದ್ಮಶ್ರೀ ಪಡೆಯಲು ಹೋದವರು ಸೆರಗಿನಿಂದ ರಾಷ್ಟ್ರಪತಿ ರಾಮನಾಥ ಕೋವಿಂದರ ದೃಷ್ಟಿ ತೆಗೆದರು! ನಮ್ಮ ಬಳ್ಳಾರಿ ಸೀಮೆಯ ಕಲ್ಲುಕಂಬದವರೆಂದು ಮನೆಯವರೆಲ್ಲ ಹಿಗ್ಗಿದರು. ಮಕ್ಕಳೇ, ಅವರಿಗೆ ಹೆತ್ತವರು ಇಟ್ಟ ಹೆಸರು ಮಂಜುನಾಥ. ತಾನು ಹೆಣ್ಣೆಂದು ಒಳಗೇ ಅರಿತ ಆ ಮಗು ಅದಕ್ಕಾಗಿ ಮನೆಯಲ್ಲಿ ಪೆಟ್ಟು ತಿಂದಿತು. ಮುಂದೆ ಮನೆ ಬಿಟ್ಟು, ಭಿಕ್ಷೆ ಬೇಡಿ, ಕಾಳವ್ವ ಜೋಗತಿಯವರ ತಂಡ ಸೇರಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಪಟ್ಟ ಪಾಡನ್ನು ಅವರು ಮುಚ್ಚಿಡಲಿಲ್ಲ, ಜನರೆದುರೇ ಹೇಳಿದರು.

ಮೊಮ್ಮಗಳು ಮೊಬೈಲಿನಲ್ಲಿ ಇದನ್ನೆಲ್ಲ ಓದಿ ಹೇಳುತ್ತಿದ್ದಳು. ಅಕ್ಕ ಬಹಳ ಹೊತ್ತು ಸುಮ್ಮನಿದ್ದು, "ಹಂಚಲ್ಲವ್ವ, ಕೊಳ್ಳಿ" ಎಂದಳು.

ತಾಯಿ ತೀರಿಕೊಂಡ ಮೇಲೆ ಅವಳು ಬೆಳೆದದ್ದು ಸಿರುಗುಪ್ಪ ಕಡೆಯ ಬಂಧುಗಳ ಮನೆಯಲ್ಲಿ. ಒಣಹಾಕಿದ ಭತ್ತಕ್ಕೆ ಕೋಳಿ ಬಾಯಿ ಹಾಕಿದರೆ ಏಟು, ಹಾಲು ಉಕ್ಕಿದರೆ ಏಟು. ಒಂದು ಸಂಜೆ ಒಲೆಯೊಳಗಿನ ಕೊಳ್ಳಿಯೇ ಕೈಗೆ ಬಂತು. ನಾವು ಹಬ್ಬಕ್ಕೆ ಅಲ್ಲಿಗೆ ಹೋಗಿ ಅನ್ನ, ಹೋಳಿಗೆ ಉಂಡು ಬರುತ್ತಿದ್ದೆವು. ಬಡಿಸುತ್ತಿದ್ದ ಹುಡುಗಿ ಒಂದು ಕೈಯನ್ನು ಹಿಂದೆ ಮರೆಮಾಡಿಕೊಂಡದ್ದನ್ನು ಪಂಕ್ತಿಯಲ್ಲಿ ಕೂತ ಯಾರೂ ಕಾಣಲಿಲ್ಲ. ನಾನೂ ಅಲ್ಲೇ ಕೂತಿದ್ದೆ.

"ಇಷ್ಟು ವರ್ಷ ಯಾಕಕ್ಕ ಹೇಳಲಿಲ್ಲ?" ಎಂದೆ.

"ಹೇಳಿದ್ರೆ ನನಗೆ ತವರು ಅನ್ನೋದು ಎಲ್ಲಿ ಉಳೀತಿತ್ತಪ್ಪ? ನನ್ನ ಮಕ್ಕಳಿಗೂ ಅಜ್ಜಿ ಊರು ಒಂದು ಬೇಕಿತ್ತಲ್ಲ."

ಆ ಕಾಲದಲ್ಲಿ ಅವಳು ಯಾರಿಗೆ ಹೇಳಬೇಕಿತ್ತು? ಈಗ 1098 ಇದೆ. ಹಗಲಾಗಲಿ ರಾತ್ರಿಯಾಗಲಿ, ಮಕ್ಕಳೇ ಕರೆ ಮಾಡಬಹುದು, ದುಡ್ಡು ಬೇಕಿಲ್ಲ. ಪಕ್ಕದ ಮನೆಯವರೂ ಮಾಡಬಹುದು. ತನ್ನ ಸುಪರ್ದಿನಲ್ಲಿರುವ ಮಗುವನ್ನು ಹಿಂಸಿಸಿದವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಜೈಲು ಶಿಕ್ಷೆಯೇ ಇದೆ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಅಜ್ಜ ಅಜ್ಜಿಯರಿಗೆ ನನ್ನದೊಂದು ಮಾತು: ನೆಂಟರ ಮನೆಗೆ ಹೋದಾಗ ಎಲೆಯ ಮೇಲಿನದನ್ನು ಮಾತ್ರ ನೋಡಬೇಡಿ, ಬಡಿಸುವ ಮಗುವಿನ ಕೈಯನ್ನೂ ನೋಡಿ.

ಇದನ್ನು ಬರೆಯಲೇ ಎಂದು ಮೊನ್ನೆ ಅಕ್ಕನನ್ನು ಕೇಳಿದೆ. "ಬರಿ, ನನ್ನ ಹೆಸರು ಬ್ಯಾಡ" ಎಂದಳು. ಸ್ವಲ್ಪ ತಡೆದು, "ಅವರ ಹೆಸರೂ ಬ್ಯಾಡ" ಎಂದಳು.