ಹಿಗ್ಗಿದ್ದು ಮರಳಿ ಬರುವ ಬಗೆ

ತಿಪಟೂರು ತಾಲ್ಲೂಕಿನ ಹೊನ್ನವಳ್ಳಿಯಂಥ ತೆಂಗಿನ ಸೀಮೆಯಲ್ಲಿ ನಾರಿನ ಹಗ್ಗ ಯಾರಿಗೂ ಹೊಸದಲ್ಲ. ಹಗ್ಗದಿಂದ ಒಂದು ಎಳೆ ಬಿಡಿಸಿ, ಎರಡೂ ತುದಿ ಹಿಡಿದು ಮೆಲ್ಲಗೆ ಜಗ್ಗಿದರೆ ಅದು ತುಸು ಉದ್ದವಾಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಬಲವಾಗಿ ಜಗ್ಗಿದರೆ ಮಾತ್ರ ಉದ್ದವಾದದ್ದು ಹಾಗೆಯೇ ಉಳಿಯುತ್ತದೆ. ಮರಳಿ ಬರುವ ಈ ಗುಣಕ್ಕೆ ಶಾಲೆಯ ಪುಸ್ತಕಗಳಲ್ಲಿ ಸ್ಥಿತಿಸ್ಥಾಪಕತ್ವ ಎಂಬ ಹೆಸರಿದೆ. ಹಿಂದಿನ ಸ್ಥಿತಿಯನ್ನು ಮತ್ತೆ ಸ್ಥಾಪಿಸುವುದು ಎಂದು ಆ ಹೆಸರೇ ಹೇಳುತ್ತದೆ.

ಎಳೆತ ಹೆಚ್ಚಿದಷ್ಟೂ ಹಿಗ್ಗುವಿಕೆ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ. ಆದರೆ ಅದಕ್ಕೊಂದು ಮಿತಿಯುಂಟು. ಮಿತಿ ದಾಟಿದ ವಸ್ತು ಪೂರ್ತಿಯಾಗಿ ಹಿಂದಿರುಗದು.

ಸೆಣಬಿನ ಎಳೆ ನೂರಕ್ಕೆ ಸುಮಾರು 2 ಪಾಲು ಹಿಗ್ಗುವಷ್ಟರಲ್ಲಿ ಹರಿದುಹೋಗುತ್ತದೆ. ತೆಂಗಿನ ನಾರು ಹರಿಯುವ ಮುನ್ನ 15 ಪಾಲಿಗೂ ಹೆಚ್ಚು ಹಿಗ್ಗಬಲ್ಲದು. ನಾರಿನ ಕೋಶಗಳ ಗೋಡೆಯಲ್ಲಿ ಸೆಲ್ಯುಲೋಸಿನ ಸೂಕ್ಷ್ಮ ಎಳೆಗಳು ಸ್ಪ್ರಿಂಗಿನಂತೆ ಓರೆಯಾಗಿ ಸುತ್ತಿಕೊಂಡಿರುವುದೇ ಇದಕ್ಕೆ ಕಾರಣ. ಎಳೆದಾಗ ಮೊದಲು ಸುರುಳಿ ಸಡಿಲಗೊಳ್ಳುತ್ತದೆ. ಹಿಂದೆ ಹಡಗುಗಳನ್ನು ಕಟ್ಟಲು ನಾರಿನ ಹಗ್ಗ ಬಳಸುತ್ತಿದ್ದುದು ಅಲೆಯ ಜಗ್ಗಾಟವನ್ನು ತಾಳುವ ಈ ಗುಣಕ್ಕಾಗಿಯೇ.

ಮನುಷ್ಯನ ಚರ್ಮದ ಏರ್ಪಾಡೂ ಹೆಚ್ಚುಕಡಿಮೆ ಹೀಗೆಯೇ ಇದೆ. ಅದರಲ್ಲಿ ಎರಡು ಬಗೆಯ ಪ್ರೋಟೀನಿನ ಎಳೆಗಳಿವೆ. ಕೊಲಾಜನ್ ಎಳೆಗಳು ಅಲೆಅಲೆಯಾಗಿದ್ದು, ಚರ್ಮ ಹಿಗ್ಗಿದಾಗ ನೇರವಾಗಿ ನಿಂತು ಹರಿಯದಂತೆ ತಡೆಯುತ್ತವೆ. ಎಲಾಸ್ಟಿನ್ ಎಳೆಗಳು ಅದನ್ನು ಹಿಂದಕ್ಕೆ ಸೆಳೆಯುತ್ತವೆ. ದೇಹ ಎಲಾಸ್ಟಿನ್ನನ್ನು ಹೆಚ್ಚಾಗಿ ತಯಾರಿಸುವುದು ಎಳೆಯ ವಯಸ್ಸಿನಲ್ಲಿ. ಆಮೇಲೆ ಸವೆದದ್ದು ಸುಲಭವಾಗಿ ತುಂಬಿ ಬಾರದು. ವರ್ಷಗಟ್ಟಲೆ ಬಿಸಿಲು ಬಿದ್ದ ಚರ್ಮ ಬೇಗ ಸುಕ್ಕಾಗುವುದು ಇದರಿಂದಲೇ.

ಈ ಗುಣ ಮಗುವಿನ ಜೀವ ಉಳಿಸಲೂ ನೆರವಾಗುತ್ತದೆ. ವಾಂತಿಭೇದಿಯಾದ ಮಗುವಿನ ಹೊಟ್ಟೆಯ ಪಕ್ಕದ ಚರ್ಮವನ್ನು ವೈದ್ಯರು ಎರಡು ಬೆರಳಲ್ಲಿ ಮಡಿಚಿ ಹಿಡಿದು ಬಿಡುತ್ತಾರೆ. ಮಡಿಕೆ ತಕ್ಷಣ ಮಾಯವಾಗಬೇಕು. 2 ಸೆಕೆಂಡಿಗೂ ಹೆಚ್ಚು ನಿಂತರೆ ದೇಹದ ನೀರು ತೀರಾ ಕಡಿಮೆಯಾಗಿರುವ ಸೂಚನೆ. ಕಣ್ಣು ಗುಳಿಬಿದ್ದಿದ್ದರೆ, ಮಗು ಮಂಕಾಗಿದ್ದರೆ ಅಥವಾ ಕುಡಿಯಲಾರದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಇದೊಂದೇ ಪರೀಕ್ಷೆಯನ್ನು ನಂಬುವಂತಿಲ್ಲ. ಬಡಕಲು ಮಗುವಿನಲ್ಲಿ ನೀರು ಸಾಕಷ್ಟಿದ್ದರೂ ಮಡಿಕೆ ನಿಲ್ಲಬಹುದು. ದಪ್ಪ ಮಗುವಿನಲ್ಲಿ ನೀರು ಕಡಿಮೆಯಾಗಿದ್ದರೂ ಬೇಗ ಮರಳಬಹುದು. ವಯಸ್ಸಾದವರಲ್ಲಂತೂ ಮಡಿಕೆ ನಿಲ್ಲುವುದು ಸಹಜ.

ತೆಂಗಿನ ಸೀಮೆಯಲ್ಲಿ ಭೇದಿಯಾದಾಗ ಮೊದಲು ನೆನಪಾಗುವುದು ಎಳನೀರು. ಅದರಲ್ಲಿ ಪೊಟ್ಯಾಸಿಯಂ ಧಾರಾಳವಾಗಿದ್ದರೂ ಭೇದಿಯಲ್ಲಿ ಕಳೆದುಹೋಗುವ ಸೋಡಿಯಂ ಕಡಿಮೆ. ಆದ್ದರಿಂದ ಎಳನೀರು ಕೊಟ್ಟೆವೆಂದು ಸುಮ್ಮನಿರದೆ, ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಕರಗಿಸಿ ಗುಟುಕುಗುಟುಕಾಗಿ ಕುಡಿಸಬೇಕು. ಮಿತಿ ದಾಟುವ ಮುನ್ನ ನೀರು ಸಿಕ್ಕಿದರೆ ಮಗುವಿನ ಚರ್ಮ ಮತ್ತೆ ಮೊದಲಿನಂತಾಗುತ್ತದೆ, ಮಗುವೂ ಚೇತರಿಸಿಕೊಳ್ಳುತ್ತದೆ.